ದನ ಕಾಯುವ ವಿದ್ಯೆ

ಕನ್ನಡನಾಡಿನ ಶಾಲೆಗಳಲ್ಲಿ ಓದಿದ ಯಾರಿಗೂ ಅಪರಿಚಿತವಲ್ಲದ ಬೈಗುಳವೊಂದಿದೆ. ಲೆಕ್ಕ ತಪ್ಪಿದ ಹುಡುಗನಿಗೆ, ಮಗ್ಗಿ ಮರೆತ ಹುಡುಗಿಗೆ ಮೇಷ್ಟರು ಹೇಳುತ್ತಿದ್ದ ಮಾತು ಅದು: 'ನೀನು ದನ ಕಾಯುವುದಕ್ಕೇ ಲಾಯಕ್ಕು.' ಮನೆಯಲ್ಲಿ ಹಿರಿಯರೂ ಇದೇ ಮಾತನ್ನು ಬೇರೆ ರಾಗದಲ್ಲಿ ಹೇಳುತ್ತಿದ್ದರು. ದೆಹಲಿ, ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಬಂದು ನೆಲೆಸಿರುವ ನಮ್ಮಲ್ಲಿ ಅನೇಕರು ಈ ಮಾತಿನ ಅಂಜಿಕೆಯಿಂದಲೇ ಪುಸ್ತಕ ಹಿಡಿದವರು, ಪುಸ್ತಕದ ಬಲದಿಂದಲೇ ರೈಲು ಹತ್ತಿದವರು. ಹೊರನಾಡ ಕನ್ನಡಿಗರನ್ನು 'ದನ ಕಾಯುವುದರಿಂದ ಪಾರಾದವರ ಸಮುದಾಯ' ಎಂದು ಕರೆದರೆ ಹೆಚ್ಚು ತಪ್ಪಾಗಲಾರದು.

ಆದರೆ ಈ ಬೈಗುಳವನ್ನು ಕೇವಲ ಮೇಷ್ಟರ ಸಿಟ್ಟೆಂದು ಬಗೆದು ಸುಮ್ಮನಾಗುವಂತಿಲ್ಲ. ಸ್ವಾತಂತ್ರ್ಯೋತ್ತರ ಕಾಲದಲ್ಲಿ ಕೃಷಿ ಶಿಕ್ಷಣದ ಬಗ್ಗೆ ನಮ್ಮ ಸಮಾಜ ತಳೆದಿರುವ ನಿಜವಾದ ಧೋರಣೆ ಅದರಲ್ಲಿ ಅಡಗಿದೆ. ಕಲಿಯಲಾರದವನು ಮಾಡುವ ಕೆಲಸ ದನ ಕಾಯುವುದು ಎಂದಾದ ಮೇಲೆ, ಆ ಕೆಲಸದಲ್ಲಿ ಕಲಿಯಬೇಕಾದುದು ಏನೂ ಇಲ್ಲವೆಂದೇ ಅರ್ಥವಾಯಿತು. ಕಲಿಯಬೇಕಾದುದು ಇಲ್ಲದ ಮೇಲೆ ಅದನ್ನು ಶಾಲೆಯಲ್ಲಿ ಕಲಿಸುವ ಮಾತೆಲ್ಲಿ ಬಂತು?

2024ರ ನವೆಂಬರಿನಲ್ಲಿ ದೆಹಲಿಯ ಮಾರುಕಟ್ಟೆಗೆ 'ನಂದಿನಿ' ಹಾಲು ಬಂದಾಗ ನಾವೆಲ್ಲ ಸಂಭ್ರಮಿಸಿದೆವು. ಮಂಡ್ಯದ ಕಡೆಯ ಹಾಲು ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರು ಟ್ಯಾಂಕರಿನಲ್ಲಿ ಬಂದು ಯಮುನೆಯ ತೀರದಲ್ಲಿ ಮಾರಾಟವಾಗುವುದು ಸಣ್ಣ ಸಂಗತಿಯಲ್ಲ. ಅದೇ ವರ್ಷದ ನಡುವಿನಲ್ಲಿ ಕರ್ನಾಟಕ ಹಾಲು ಮಹಾಮಂಡಲದ ದಿನದ ಸಂಗ್ರಹ ಒಂದು ಕೋಟಿ ಲೀಟರನ್ನು ದಾಟಿತ್ತು. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಹಳ್ಳಿಯ ಸಹಕಾರ ಸಂಘಗಳ ಕ್ಯಾನುಗಳಲ್ಲಿ ಬೆಳಿಗ್ಗೆ ಸಂಜೆ ತುಂಬಿದ ಹಾಲು ಅದು. ಈ ಹೆಮ್ಮೆಯಲ್ಲಿ ಪಾಲುದಾರರಾಗುವಾಗ ಒಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕಾಗಿತ್ತು: ಇನ್ನು ಇಪ್ಪತ್ತು ವರ್ಷಗಳ ನಂತರ ಈ ಹಾಲನ್ನು ಕರೆಯುವವರು ಯಾರು?

ಈ ಪ್ರಶ್ನೆಗೆ ಅಂಕಿ ಅಂಶಗಳು ನೀಡುವ ಉತ್ತರ ಸಮಾಧಾನಕರವಾಗಿಲ್ಲ. 2012ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿದ್ದ ದನಗಳ ಸಂಖ್ಯೆ ಸುಮಾರು 95 ಲಕ್ಷ. 2019ರ ಗಣತಿಯಲ್ಲಿ ಅದು ಸುಮಾರು 85 ಲಕ್ಷಕ್ಕೆ ಇಳಿದಿತ್ತು. ಹಾಲು ಹೆಚ್ಚಿದೆ, ಹಟ್ಟಿ ಕುಗ್ಗಿದೆ. ಕಡಿಮೆ ದನಗಳಿಂದ ಹೆಚ್ಚು ಹಾಲು ಪಡೆಯುವುದು ಪ್ರಗತಿಯೇ ಹೌದು. ಆದರೆ ಅಂಥ ದನಗಳನ್ನು ಸಾಕುವುದಕ್ಕೆ ಹೆಚ್ಚಿನ ತಿಳಿವಳಿಕೆ ಬೇಕು. ಆ ತಿಳಿವಳಿಕೆಯ ವಾರಸುದಾರರು ಯಾರು? 2017ರಲ್ಲಿ ಪ್ರಥಮ್ ಸಂಸ್ಥೆಯ 'ಅಸರ್' ಸಮೀಕ್ಷೆ ದೇಶದ ಗ್ರಾಮೀಣ ಪ್ರದೇಶದ 14ರಿಂದ 18 ವರ್ಷದ ಮಕ್ಕಳನ್ನು ಮಾತನಾಡಿಸಿತು. ಅವರಲ್ಲಿ ಶೇಕಡಾ 42ರಷ್ಟು ಮಂದಿ ಒಂದಲ್ಲ ಒಂದು ದುಡಿಮೆಯಲ್ಲಿದ್ದರು. ಹಾಗೆ ದುಡಿಯುವವರಲ್ಲಿ ಶೇಕಡಾ 79ರಷ್ಟು ಮಂದಿ ದುಡಿಯುತ್ತಿದ್ದುದು ಕೃಷಿಯಲ್ಲಿ, ಬಹುಪಾಲು ತಮ್ಮ ಮನೆಯ ಹೊಲದಲ್ಲಿ. ಮುಂದೆ ರೈತರಾಗಬೇಕೆಂದು ಬಯಸಿದವರು ಶೇಕಡಾ 1.2 ಮಾತ್ರ.

ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಹಳ್ಳಿಯ ಮಗು ಈಗಲೂ ಬೆಳಿಗ್ಗೆ ಕೊಟ್ಟಿಗೆ ಗುಡಿಸಿ, ಹಾಲನ್ನು ಡೈರಿಗೆ ಹಾಕಿ, ಆಮೇಲೆ ಶಾಲೆಗೆ ಹೋಗುತ್ತದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯೂ ಶಾಲೆಯ ವೇಳೆಯ ಆಚೆಗೆ ಮನೆಯ ಕಸುಬಿನಲ್ಲಿ ನೆರವಾಗುವುದಕ್ಕೆ ಮಕ್ಕಳಿಗೆ ಅನುಮತಿ ನೀಡಿದೆ. ಅಂದರೆ ಕೆಲಸವಿದೆ, ಕೆಲಸಕ್ಕೆ ಕಾನೂನಿನ ಒಪ್ಪಿಗೆಯೂ ಇದೆ. ಆ ಕೆಲಸಕ್ಕೆ ವಿದ್ಯೆಯ ಮನ್ನಣೆ ಮಾತ್ರ ಇಲ್ಲ. ಕೊಟ್ಟಿಗೆಯಲ್ಲಿ ಮಾಡಿದ್ದನ್ನು ಶಾಲೆ ಕೇಳುವುದಿಲ್ಲ. ಶಾಲೆಯಲ್ಲಿ ಕಲಿತದ್ದು ಕೊಟ್ಟಿಗೆಗೆ ಬರುವುದಿಲ್ಲ.

ವಿದ್ಯೆಯೇ ನಮ್ಮಲ್ಲಿಲ್ಲವೆನ್ನುವಂತಿಲ್ಲ. ಈ ವಿಷಯದಲ್ಲಿ ಕನ್ನಡನಾಡಿನ ಚರಿತ್ರೆ ಇಡೀ ದೇಶಕ್ಕೆ ಮೇಲ್ಪಂಕ್ತಿಯಾಗಿತ್ತು. ದೆಹಲಿಯಿಂದ ಚಂಡೀಗಢದ ದಾರಿಯಲ್ಲಿ ಹೋಗುವಾಗ ಸಿಗುವ, ಇಂದು ರಾಷ್ಟ್ರ ರಾಜಧಾನಿ ವಲಯಕ್ಕೇ ಸೇರಿರುವ ಕರ್ನಾಲದಲ್ಲಿ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಿದೆ. 2009ರಲ್ಲಿ ತದ್ರೂಪಿ ಎಮ್ಮೆಕರುವನ್ನು ಹುಟ್ಟಿಸಿ ಹೆಸರಾದ ಸಂಸ್ಥೆ ಅದು. ಅದರ ತವರು ಬೆಂಗಳೂರು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ? 1923ರಲ್ಲಿ ಬೆಂಗಳೂರಿನಲ್ಲಿ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆಯಾಗಿ ಅದು ಆರಂಭವಾಯಿತು. 1927ರಲ್ಲಿ ಅನಾರೋಗ್ಯದಿಂದ ಚೇತರಿಸಿಕೊಳ್ಳಲು ಮೈಸೂರು ಸಂಸ್ಥಾನಕ್ಕೆ ಬಂದಿದ್ದ ಗಾಂಧೀಜಿ ಈ ಸಂಸ್ಥೆಗೆ ಹೋಗಿ, ವಿದ್ಯಾರ್ಥಿಯಂತೆ ಕುಳಿತು ದನಗಳ ಪಾಲನೆಯ ಪಾಠ ಕೇಳಿದರು. ಐವತ್ತೇಳು ವರ್ಷದ ಆ ವಿದ್ಯಾರ್ಥಿಗೆ ದನ ಕಾಯುವುದು ಕಲಿಯಬೇಕಾದ ವಿದ್ಯೆಯಾಗಿ ಕಂಡಿತ್ತು. 1955ರಲ್ಲಿ ಸಂಸ್ಥೆಯ ಕೇಂದ್ರ ಕರ್ನಾಲಕ್ಕೆ ಬಂದಿತು. ಬೆಂಗಳೂರಿನಲ್ಲಿ ದಕ್ಷಿಣ ಪ್ರಾದೇಶಿಕ ಕೇಂದ್ರ ಉಳಿಯಿತು. ಒಂದು ರೀತಿಯಲ್ಲಿ ಅದೂ ನಮ್ಮಂತೆ ಹೊರನಾಡಿಗೆ ಬಂದ ಕನ್ನಡ ನೆಲದ ಕೂಸು.

ಇನ್ನೊಂದು ನಿದರ್ಶನ. ಇಂದು ಹಳ್ಳಿಹಳ್ಳಿಯಲ್ಲಿ 'ಇಂಜೆಕ್ಷನ್ ಮಾಡಿಸುವುದು' ಎಂದು ಕರೆಯುವ ಕೃತಕ ಗರ್ಭಧಾರಣೆ ಭಾರತದಲ್ಲಿ ಮೊದಲು ನಡೆದದ್ದು 1939ರಲ್ಲಿ, ಮೈಸೂರಿನ ಅರಮನೆಯ ಹೈನುಶಾಲೆಯಲ್ಲಿ. ಸಂಪತ್ ಕುಮಾರನ್ ಎಂಬ ವಿಜ್ಞಾನಿ ಹಳ್ಳಿಕಾರ್ ಹಸುಗಳ ಮೇಲೆ ಈ ಪ್ರಯೋಗ ನಡೆಸಿ ಯಶಸ್ವಿಯಾದರು. ಹೆಬ್ಬಾಳದಲ್ಲಿ 1899ರಲ್ಲಿಯೇ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು 30 ಎಕರೆ ಭೂಮಿ ನೀಡಿ ಕೃಷಿ ಪ್ರಯೋಗಕ್ಕೆ ನಾಂದಿ ಹಾಡಿದ್ದರು. ಅಲ್ಲಿ 1946ರಲ್ಲಿ ಕೃಷಿ ಕಾಲೇಜು, 1958ರಲ್ಲಿ ಪಶುವೈದ್ಯ ಕಾಲೇಜು ಬಂದವು. 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ, 1986ರಲ್ಲಿ ಧಾರವಾಡದ್ದು, 2004ರ ಕಾಯಿದೆಯ ಮೂಲಕ ಬೀದರಿನಲ್ಲಿ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾನಿಲಯ. ಈ ಸಂಸ್ಥೆಗಳಲ್ಲಿ ಓದಿದ ಕನ್ನಡದ ಮಕ್ಕಳು ಪ್ರತಿ ವರ್ಷ ಅಖಿಲ ಭಾರತ ಪರೀಕ್ಷೆ ಬರೆದು ದೆಹಲಿಯ ಪೂಸಾಕ್ಕೂ ಕರ್ನಾಲಕ್ಕೂ ಹೆಚ್ಚಿನ ವ್ಯಾಸಂಗಕ್ಕೆ ಬರುತ್ತಾರೆ. ಯಳಂದೂರಿನಲ್ಲಿ ಹುಟ್ಟಿ, ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದ ಡಾ. ಎಸ್. ಅಯ್ಯಪ್ಪನ್ ಅವರು 2010ರಿಂದ 2016ರವರೆಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮಹಾನಿರ್ದೇಶಕರಾಗಿದ್ದರು. ಆ ಪೀಠವನ್ನೇರಿದ ಮೊದಲ ಮೀನುಗಾರಿಕೆ ವಿಜ್ಞಾನಿ ಅವರು.

ಇಷ್ಟೆಲ್ಲ ಇದ್ದೂ ಕೊರತೆಯೆಲ್ಲಿ? ನಾವು ಕಟ್ಟಿದ ಮನೆಗೆ ಮಹಡಿಗಳಿವೆ, ಮೆಟ್ಟಿಲಿಲ್ಲ. ಕೃಷಿ ಮತ್ತು ಪಶುಪಾಲನೆಯ ಕ್ರಮಬದ್ಧ ಶಿಕ್ಷಣ ನಮ್ಮಲ್ಲಿ ಮುಖ್ಯವಾಗಿ ಆರಂಭವಾಗುವುದು ಪಿಯುಸಿ ವಿಜ್ಞಾನ ಮುಗಿದ ಮೇಲೆ. ಎಂಟನೆಯ ತರಗತಿಯಿಂದ ಪಿಯುಸಿವರೆಗೆ, ಅಂದರೆ ಮಗುವಿನ ಕೈಗೆ ಶಕ್ತಿಯೂ ಮನಸ್ಸಿಗೆ ಕುತೂಹಲವೂ ಏಕಕಾಲಕ್ಕೆ ಬರುವ ವರ್ಷಗಳಲ್ಲಿ, ಹೇಳಿಕೊಳ್ಳುವಂಥದು ಏನೂ ಇಲ್ಲ. ಪಿಯುಸಿ ಹಂತದಲ್ಲಿ ಒಂದು ಕಾಲಕ್ಕೆ ಜೆ.ಓ.ಸಿ. ಎಂದು ಕರೆಯಲಾಗುತ್ತಿದ್ದ ವೃತ್ತಿಶಿಕ್ಷಣ ಕೋರ್ಸುಗಳಿದ್ದವು. ಅವು ದೋಷಮುಕ್ತವಾಗಿದ್ದವೆಂದು ಹೇಳಲಾರೆ. ಆದರೆ ಅವುಗಳನ್ನು ತಿದ್ದುವುದರ ಬದಲು ಮುಚ್ಚಲಾಯಿತು. ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆ ಹತ್ತು ತಿಂಗಳ ತರಬೇತಿ ನೀಡುತ್ತದೆ, ಒಳ್ಳೆಯ ಕೆಲಸ. ಆದರೆ ಅದು ಹದಿನೆಂಟು ದಾಟಿದವರಿಗೆ, ಅದೂ ಪಾಲಕರ ಹೆಸರಿನಲ್ಲಿ ಜಮೀನಿರುವವರಿಗೆ. 2021ರಲ್ಲಿ ಆರಂಭವಾದ 'ರೈತ ವಿದ್ಯಾನಿಧಿ' ರೈತರ ಮಕ್ಕಳ ಓದಿಗೆ ಹಣ ನೀಡಿತು. ಆ ಓದು ಯಾವುದಾದರೂ ಸರಿ. ಇದು ನ್ಯಾಯವೇ. ರೈತನ ಮಗಳು ವಕೀಲೆಯಾಗಬಾರದೆಂದು ಯಾರೂ ಹೇಳರು. ಆದರೆ ಹೊಲದಿಂದ ಹೊರಡುವವರಿಗೆ ದಾರಿಖರ್ಚು ಕೊಡುವ ಸರ್ಕಾರ, ಹೊಲದಲ್ಲಿ ಉಳಿಯುವವರಿಗೆ ಹದಿನಾಲ್ಕನೆಯ ವಯಸ್ಸಿನಲ್ಲಿ ಏನು ಕೊಟ್ಟಿತು?

ಈ ವ್ಯವಸ್ಥೆಯ ವಿಪರ್ಯಾಸವನ್ನು ಕಾಣಬೇಕಾದರೆ ಕೃಷಿ ಪದವಿಯ ಪ್ರವೇಶವನ್ನು ನೋಡಬೇಕು. ಕೃಷಿಕರ ಕೋಟಾದಲ್ಲಿ ಸೀಟು ಬಯಸುವವರಿಗೆ ಕರ್ನಾಟಕದಲ್ಲಿ ಪ್ರಾಯೋಗಿಕ ಪರೀಕ್ಷೆಯಿದೆ. ಕಾಳು, ಬೀಜ, ಗೊಬ್ಬರ, ಬೇಸಾಯದ ಉಪಕರಣಗಳನ್ನು ಮುಂದಿಟ್ಟು ಗುರುತಿಸಲು ಹೇಳುತ್ತಾರೆ. ಹನ್ನೆರಡು ವರ್ಷ ಶಾಲೆ ಒಮ್ಮೆಯೂ ಕೇಳದ ಪ್ರಶ್ನೆಯನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳುವುದು ಇದು. ಆ ಬಾಗಿಲು ದಾಟಿದವರಿಗೆ ಪದವಿಯ ಕೊನೆಯ ವರ್ಷದಲ್ಲಿ ಹಳ್ಳಿಯಲ್ಲಿ ವಾಸ ಮಾಡುವ ಗ್ರಾಮೀಣ ಕಾರ್ಯಾನುಭವವಿದೆ. ಅದಾದ ಮೇಲೆ ಬಹುಪಾಲು ಪದವೀಧರರ ಕಣ್ಣು ಬ್ಯಾಂಕಿನ ಮೇಲೆ, ಇಲಾಖೆಯ ಹುದ್ದೆಯ ಮೇಲೆ, ಸ್ಪರ್ಧಾತ್ಮಕ ಪರೀಕ್ಷೆಗಳ ಮೇಲೆ. ಅವರನ್ನು ದೂಷಿಸುವ ಅಧಿಕಾರ ನಮಗಿಲ್ಲ. ನಾವು ಮಾಡಿದ್ದನ್ನೇ ಅವರೂ ಮಾಡುತ್ತಿದ್ದಾರೆ.

ಹಾಗಾದರೆ ಎಂಟನೆಯ ತರಗತಿಯ ಮಗುವಿಗೆ ದನದ ವಿಷಯದಲ್ಲಿ ಕಲಿಸುವುದಕ್ಕೆ ಏನಿದೆ ಎಂದು ಕೇಳಬಹುದು. ಒಂದು ಕರು ಹುಟ್ಟಿದ ದಿನದಿಂದ ಆರಂಭಿಸೋಣ. ಕರು ಹುಟ್ಟಿದ ಮೊದಲ ಗಂಟೆ ಎರಡು ಗಂಟೆಯೊಳಗೆ ಗಿಣ್ಣದ ಹಾಲು ಅದರ ಹೊಟ್ಟೆ ಸೇರಬೇಕು. ರೋಗ ತಡೆಯುವ ಶಕ್ತಿಯನ್ನು ತಾಯಿ ಕರುವಿಗೆ ದಾಟಿಸುವುದು ಆ ಹಾಲಿನಲ್ಲಿ. ಹೊತ್ತು ಕಳೆದಂತೆ ಆ ಶಕ್ತಿಯನ್ನು ಹೀರಿಕೊಳ್ಳುವ ಸಾಮರ್ಥ್ಯ ಕರುವಿನ ಕರುಳಿಗೆ ಇಲ್ಲವಾಗುತ್ತದೆ. ಆದರೆ ಕಸ ಬೀಳುವವರೆಗೆ ಕರುವಿಗೆ ಮೊಲೆ ಬಿಡಬಾರದೆಂಬ ನಂಬಿಕೆ ಇಂದಿಗೂ ಎಷ್ಟೋ ಹಟ್ಟಿಗಳಲ್ಲಿದೆ. ಈ ಒಂದು ಪಾಠವನ್ನು ಕಲಿತು ಬಂದ ಹುಡುಗಿ ತನ್ನ ಅಜ್ಜಿಯೊಂದಿಗೆ ವಾದಿಸಿ ಕರುವನ್ನು ಉಳಿಸಿದರೆ, ಜೀವಶಾಸ್ತ್ರದ ಪ್ರಶ್ನೆಗೆ ಐದು ಅಂಕದ ಉತ್ತರ ಬರೆದುದಕ್ಕಿಂತ ಅದು ಕಡಿಮೆಯೆ?

ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುವಿಗೆ ಒಮ್ಮೆ ಕಂದುರೋಗದ ಲಸಿಕೆ ಹಾಕಿಸಬೇಕು. ಆ ರೋಗ ದನವನ್ನು ಕಂದು ಹಾಕಿಸುವುದಲ್ಲದೆ ಅದನ್ನು ಮುಟ್ಟಿ ಆರೈಕೆ ಮಾಡುವ ಮನುಷ್ಯರಿಗೂ ತಗಲುತ್ತದೆ. ಹಸು ಬೆದೆಗೆ ಬರುವುದು ಸುಮಾರು ಇಪ್ಪತ್ತೊಂದು ದಿನಕ್ಕೊಮ್ಮೆ. ಆ ಲಕ್ಷಣವನ್ನು ಗಮನಿಸದಿದ್ದರೆ ಮೂರು ವಾರದ ಮೇವು ವ್ಯರ್ಥ. ಕೆಚ್ಚಲು ಬಾವನ್ನು ಹಾಲಿನ ಮೊದಲ ಧಾರೆಯಲ್ಲಿಯೇ ಕಂಡುಹಿಡಿಯಬಹುದು. ಕಾಲುಬಾಯಿ ಜ್ವರದ ಲಸಿಕೆ ವರ್ಷಕ್ಕೆ ಎರಡು ಬಾರಿ ಆಗಬೇಕು. ಚರ್ಮಗಂಟು ರೋಗ 2022ರಲ್ಲಿ ದೇಶದ ಹಟ್ಟಿಗಳನ್ನು ಕಾಡಿದಾಗ, ಮೊದಲ ಗಂಟನ್ನು ಗುರುತಿಸಿ ದನವನ್ನು ಬೇರೆ ಕಟ್ಟಬೇಕೆಂಬ ತಿಳಿವಳಿಕೆ ಮನೆಮನೆಯಲ್ಲೂ ಬೇಕಾಗಿತ್ತು. ಈ ಎಲ್ಲದರ ಜೊತೆಗೆ ಒಂದು ನೋಟುಪುಸ್ತಕ: ಕರುವಿನ ತೂಕ, ತಿಂದ ಮೇವು, ಹಿಂಡಿ, ಬೂಸಾದ ಖರ್ಚು, ಲಸಿಕೆಯ ದಿನಾಂಕ, ಕೊನೆಯಲ್ಲಿ ಲಾಭ ನಷ್ಟ. ಗಣಿತ, ವಿಜ್ಞಾನ, ಅರ್ಥಶಾಸ್ತ್ರ ಮೂರೂ ಒಂದು ಕರುವಿನ ಸುತ್ತ ಕಲಿಯಬಹುದಾದ ಪಾಠಗಳು.

ಈ ವಿದ್ಯೆಗೆ ಬೇಕಾದ ಭಾಷೆ ನಮ್ಮಲ್ಲಿ ಸಿದ್ಧವಾಗಿದೆ ಎಂಬುದನ್ನು ಓದುಗರು ಗಮನಿಸಿರಬಹುದು. ಗಿಣ್ಣು, ಬೆದೆ, ಗಬ್ಬ, ಕಡಸು, ಕೆಚ್ಚಲು, ಮೆಲುಕು, ಗಳಲೆ, ಚಪ್ಪೆ, ನೆರಡಿ. ಬೇರೆ ವಿಜ್ಞಾನಗಳಿಗೆ ಕನ್ನಡದಲ್ಲಿ ಪರಿಭಾಷೆ ಕಟ್ಟಲು ಸಮಿತಿಗಳು ಬೇಕಾದವು. ಪಶುಪಾಲನೆಯ ಪರಿಭಾಷೆಯನ್ನು ನಿರಕ್ಷರಿಗಳೇ ಕಟ್ಟಿಟ್ಟಿದ್ದಾರೆ. ಆದರೆ ಈ ಪದಗಳು ಹಟ್ಟಿಯಿಂದ ವಿಶ್ವವಿದ್ಯಾನಿಲಯಕ್ಕೆ ಹೋಗುವ ದಾರಿಯಲ್ಲಿ ಕಳೆದುಹೋಗುತ್ತವೆ. ಗೋವಿನ ಹಾಡನ್ನು ಬಾಯಿಪಾಠ ಮಾಡದ ಕನ್ನಡದ ಮಗುವಿಲ್ಲ. ಪುಣ್ಯಕೋಟಿಯ ಸತ್ಯನಿಷ್ಠೆಗೆ ಕಣ್ಣೀರು ಸುರಿಸಲು ಕಲಿಸಿದ ಶಾಲೆ, ಅವಳ ಕರುವಿಗೆ ಹೊಟ್ಟೆ ಉಬ್ಬರಿಸಿದರೆ ಏನು ಮಾಡಬೇಕೆಂದು ಕಲಿಸಲಿಲ್ಲ. 2013ರಿಂದ 'ಕ್ಷೀರಭಾಗ್ಯ' ಯೋಜನೆಯಲ್ಲಿ ಕರ್ನಾಟಕದ ಸರ್ಕಾರಿ ಶಾಲೆಯ ಮಕ್ಕಳು 150 ಮಿಲಿಲೀಟರ್ ಹಾಲು ಕುಡಿಯುತ್ತಾರೆ. ಆ ಲೋಟ ಎಲ್ಲಿಂದ ಬಂತೆಂಬ ಪಾಠ ಅದರೊಡನೆ ಬರುವುದಿಲ್ಲ.

ಇಂಥ ಪ್ರಯತ್ನಕ್ಕೆ ಪೂರ್ವನಿದರ್ಶನವಿಲ್ಲದೆ ಇಲ್ಲ. 1921ರಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತದ ಹೆಮಿಯಾಕ್ ಎಂಬ ಹಳ್ಳಿಯಲ್ಲಿ, ಯುನೈಟೆಡ್ ಡೈರೀಸ್ ಎಂಬ ಹಾಲಿನ ಕಂಪನಿಯ ಉತ್ತೇಜನದಿಂದ ಮಕ್ಕಳ ಕರು ಸಂಘವೊಂದು ಹುಟ್ಟಿತು. ಮಕ್ಕಳು ಕರುಗಳನ್ನು ಪಡೆದು ಸಾಕಬೇಕು, ಲೆಕ್ಕವಿಡಬೇಕು. ಒಳ್ಳೆಯ ಹಾಲು ಬೇಕಾದರೆ ಒಳ್ಳೆಯ ಸಾಕಣೆದಾರರು ಬೇಕು, ಅವರನ್ನು ಎಳೆಯ ವಯಸ್ಸಿನಲ್ಲಿಯೇ ತಯಾರು ಮಾಡಬೇಕು ಎಂಬ ಸರಳ ವ್ಯಾಪಾರೀ ಲೆಕ್ಕಾಚಾರ ಅದು. ಬ್ರಿಟನ್ನಿನ ಯುವ ರೈತ ಸಂಘಗಳ ಚಳವಳಿಗೆ ಆ ಕರು ಸಂಘವೇ ಮೂಲ. ಅಮೆರಿಕೆಯಲ್ಲಿ 1902ರಲ್ಲಿಯೇ ಆರಂಭವಾಗಿ ಮುಂದೆ 'ಫೋರ್-ಎಚ್' ಎಂದು ಹೆಸರಾದ ಮಕ್ಕಳ ಸಂಘಗಳು ಇದೇ ಬಗೆಯವು.

ನಮ್ಮ ಮನೆಯಂಗಳದಲ್ಲಿಯೂ ನಿದರ್ಶನವಿದೆ. ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿ 1940ರ ದಶಕದಲ್ಲಿ ಅಕ್ಷರ ಕಲಿಸುವುದಕ್ಕಷ್ಟೇ ನಿಲ್ಲದೆ, 'ಬೆಳಕು' ಎಂಬ ವಾರಪತ್ರಿಕೆ ನಡೆಸಿತು. ಡೆನ್ಮಾರ್ಕಿನ ಜನತಾ ಶಾಲೆಗಳ ಮಾದರಿಯಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠವೊಂದನ್ನು ತೆರೆಯಿತು. ಹಳ್ಳಿಯ ಯುವಕರು ಕೆಲವು ತಿಂಗಳು ಅಲ್ಲಿಯೇ ವಾಸವಿದ್ದು ಬೇಸಾಯ, ಸಹಕಾರ, ಪೌರಜೀವನಗಳನ್ನು ಕಲಿತು ತಮ್ಮ ಊರಿಗೆ ಮರಳಬೇಕೆಂಬುದು ಅದರ ಗುರಿ. ಮರಳುವುದಕ್ಕಾಗಿ ಕಲಿಯುವುದು ಎಂಬ ಈ ಕಲ್ಪನೆ ಕಾಲಕ್ರಮದಲ್ಲಿ ನಮ್ಮ ಶಿಕ್ಷಣದಿಂದ ಮಾಯವಾಯಿತು. ಹೊರಡುವುದಕ್ಕಾಗಿ ಕಲಿಯುವುದೇ ಕಲಿಕೆಯೆಂದಾಯಿತು.

ಇಲ್ಲಿ ಒಂದು ಗಂಭೀರವಾದ ಆಕ್ಷೇಪಣೆಯನ್ನು ಎದುರಿಸಬೇಕು. ರೈತನ ಮಗ ರೈತನಾಗಲಿ, ಕುರಿಗಾಹಿಯ ಮಗಳು ಕುರಿ ಕಾಯಲಿ ಎಂದು ಹೇಳುವುದು ಕುಲಕಸುಬಿನ ಬೇಲಿಯೊಳಕ್ಕೆ ಮಕ್ಕಳನ್ನು ಮತ್ತೆ ಕೂಡಿಹಾಕುವ ಹುನ್ನಾರವಲ್ಲವೆ? ಈ ಶಂಕೆಗೆ ಚರಿತ್ರೆಯ ಆಧಾರವಿದೆ. 1953ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿಯಾಗಿದ್ದ ರಾಜಾಜಿಯವರು ಮಕ್ಕಳು ಅರ್ಧ ದಿನ ಶಾಲೆಯಲ್ಲಿ ಓದಿ, ಉಳಿದರ್ಧ ದಿನ ಮನೆಯ ಕಸುಬು ಕಲಿಯಬೇಕೆಂಬ ಯೋಜನೆ ತಂದರು. ಆಗ ದಕ್ಷಿಣ ಕನ್ನಡ, ಕಾಸರಗೋಡು, ಕೊಳ್ಳೇಗಾಲಗಳೂ ಆ ರಾಜ್ಯದಲ್ಲಿದ್ದವು. ಜಾತಿಯ ಕಸುಬನ್ನು ಶಾಶ್ವತಗೊಳಿಸುವ ಯೋಜನೆಯೆಂದು ಅದರ ವಿರುದ್ಧ ಪ್ರಬಲ ಪ್ರತಿಭಟನೆ ನಡೆದು, 1954ರಲ್ಲಿ ಕಾಮರಾಜರ ಸರ್ಕಾರ ಅದನ್ನು ಕೈಬಿಟ್ಟಿತು. ಕೈಬಿಟ್ಟದ್ದು ಸರಿಯೇ ಆಗಿತ್ತು. ಓದಿನ ಹೊತ್ತನ್ನು ಕಡಿದು ಕಸುಬಿಗೆ ಕೊಡುವುದೂ, ಯಾವ ಮಗು ಯಾವ ಕಸುಬು ಕಲಿಯಬೇಕೆಂದು ಅದರ ಹುಟ್ಟಿನಿಂದ ನಿರ್ಧರಿಸುವುದೂ ಎರಡೂ ಅನ್ಯಾಯ.

ಅದರಲ್ಲಿಯೂ ತಮ್ಮ ಮಕ್ಕಳನ್ನು ಕೋಚಿಂಗ್ ತರಗತಿಗಳಿಗೆ ಕಳುಹಿಸುತ್ತಿರುವ ನಾವು ಹಳ್ಳಿಯ ಮಕ್ಕಳಿಗೆ ಕೊಟ್ಟಿಗೆಯ ಮಹಿಮೆಯನ್ನು ಬೋಧಿಸಲು ಹೊರಟರೆ ಅದು ಹಾಸ್ಯಾಸ್ಪದವಾಗುತ್ತದೆ. ಆದುದರಿಂದ ನನ್ನ ವಾದವನ್ನು ಸ್ಪಷ್ಟಪಡಿಸುತ್ತೇನೆ. ಹಳ್ಳಿಯ ಮಗು ಹಳ್ಳಿಯಲ್ಲಿಯೇ ಉಳಿಯಬೇಕೆಂದು ನಾನು ಹೇಳುತ್ತಿಲ್ಲ. ಉಳಿದರೆ ಸೋತವನಾಗಿ ಉಳಿಯಬಾರದು ಎನ್ನುತ್ತಿದ್ದೇನೆ. ಇಂದು ನಮ್ಮ ಹಟ್ಟಿಗಳಲ್ಲಿ ಉಳಿದವರಲ್ಲಿ ಅನೇಕರು ಪರೀಕ್ಷೆಯಲ್ಲಿ ನಪಾಸಾಗಿ ಉಳಿದವರು, ಅಥವಾ ಹಾಗೆಂದು ಊರಿನಿಂದ ಅನ್ನಿಸಿಕೊಂಡವರು. ಅವರಿಗೆ ಹೆಣ್ಣು ಕೊಡಲು ಯಾರೂ ಮುಂದೆ ಬರುವುದಿಲ್ಲವೆಂಬುದು ಮಂಡ್ಯದಿಂದ ಮಲೆನಾಡಿನವರೆಗೆ ಎಲ್ಲರಿಗೂ ತಿಳಿದ ಸಂಗತಿ. ಒಂದು ಕೋಟಿ ಲೀಟರ್ ಹಾಲಿನ ಭಾರವನ್ನು ಹೊತ್ತವರನ್ನು ಸಮಾಜ ಹೀಗೆ ನಡೆಸಿಕೊಂಡರೆ ಆ ಭಾರವನ್ನು ಮುಂದೆ ಹೊರಲು ಯಾರು ಬರುತ್ತಾರೆ?

ಆದುದರಿಂದ ಕೆಲವು ಷರತ್ತುಗಳೊಡನೆ ಒಂದು ಸಲಹೆಯನ್ನು ಮುಂದಿಡಬಯಸುತ್ತೇನೆ. ಹಾಲು ಒಕ್ಕೂಟಗಳು ತಮ್ಮ ಗ್ರಾಮ ಸಂಘಗಳ ಮೂಲಕ ಪ್ರೌಢಶಾಲೆಯ ಮಕ್ಕಳ ಕರು ಸಂಘಗಳನ್ನು ಆರಂಭಿಸಲಿ. ಮೊದಲ ಷರತ್ತು, ಇದು ಶಾಲೆಯ ಪಾಠದ ಬದಲಿಗೆ ಬರಬಾರದು. ಪಾಠದ ಅಂಗವಾಗಿ ಬರಬೇಕು, ಅದಕ್ಕೆ ಅಂಕವೂ ದೊರೆಯಬೇಕು. ಎರಡನೆಯದು, ಇಚ್ಛಿಸಿದ ಯಾವ ಮಗುವಿಗಾದರೂ ತೆರೆದಿರಬೇಕು. ಶಾನುಭೋಗರ ಮೊಮ್ಮಗಳಿಗೂ, ಜಮೀನಿಲ್ಲದ ಕೂಲಿಯವನ ಮಗನಿಗೂ. ಪಹಣಿ ಕೇಳುವ ಯೋಜನೆಗಳು ದನವನ್ನು ನಿಜವಾಗಿ ನೋಡಿಕೊಳ್ಳುವವರನ್ನು ಹೊರಗಿಡುತ್ತವೆ. ಕರು ಸಾಕಲು ಜಾಗವಿಲ್ಲದವರಿಗೆ ಎರಡು ಕುರಿಮರಿ ಸಾಕು. ಮೂರನೆಯದು, ಹೆಣ್ಣುಮಕ್ಕಳಿಗೆ ಮೊದಲ ಸ್ಥಾನ. ಹಟ್ಟಿಯ ಕೆಲಸದ ಬಹುಭಾಗವನ್ನು ಮಾಡುವವರು ಅವರು. ಕರುವೂ ಅದರ ಹಣವೂ ಅವರ ಹೆಸರಿನ ಖಾತೆಯಲ್ಲಿರಲಿ. ನಾಲ್ಕನೆಯದು, ಸತ್ಯವನ್ನು ಮರೆಮಾಚಬಾರದು. ಮಿಶ್ರತಳಿಯ ಗಂಡುಕರು ಉಳುವುದಕ್ಕೂ ಬೇಡ, ಮಾರುವುದಕ್ಕೂ ದಾರಿಯಿಲ್ಲ ಎಂಬ ಸಂಕಟ, 2020ರ ಜಾನುವಾರು ಹತ್ಯೆ ನಿಷೇಧ ಕಾಯಿದೆಯ ನಂತರ ಇನ್ನಷ್ಟು ಬಿಗಿಯಾಗಿದೆ. ಆ ಕಾಯಿದೆಯ ಪರವಾಗಿರುವವರೂ ವಿರೋಧಿಗಳೂ ಈ ಗಂಡುಕರುವಿನ ಮೇವಿನ ಲೆಕ್ಕವನ್ನು ಮಕ್ಕಳ ನೋಟುಪುಸ್ತಕದಲ್ಲಿ ಒಮ್ಮೆ ಓದಿದರೆ ಒಳ್ಳೆಯದು.

ವಿದ್ಯೆ ಮತ್ತು ದನ ಬೇರೆ ಬೇರೆ ದಾರಿ ಹಿಡಿದರೆ ಏನಾಗುತ್ತದೆಂದು ತಿಳಿಯಲು ದೆಹಲಿಯಲ್ಲಿರುವ ನಾವು ದೂರ ಹೋಗಬೇಕಿಲ್ಲ. 2001ರ ಜನಗಣತಿಯಲ್ಲಿ ದೆಹಲಿಯ ಗ್ರಾಮಗಳು 165 ಇದ್ದವು, 2011ರಲ್ಲಿ 112. ಪೂಸಾದಂಥ ಸಂಸ್ಥೆ 1936ರಿಂದಲೂ ಇದೇ ಊರಿನಲ್ಲಿದೆ. ಮುರ್ರಾ ಎಮ್ಮೆಯ ತವರಾದ ರೋಹತಕ್ ಕೂಗಳತೆಯಲ್ಲಿದೆ. ಆದರೂ ದೆಹಲಿಯ ದನಗಳಿಗೆ ದೊರೆತದ್ದು ಘಾಜಿಪುರ, ಭಲಸ್ವಾಗಳ ಡೈರಿ ಕಾಲೊನಿಗಳು. ಅಲ್ಲಿ ಕಸದ ಬೆಟ್ಟದ ಬುಡದಲ್ಲಿ ದನಗಳು ಮೇಯುತ್ತಿರುವುದನ್ನು, ಅದರಿಂದ ಹಾಲು ವಿಷವಾಗುವ ಅಪಾಯವನ್ನು 2024ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವೇ ಎತ್ತಿ ಹೇಳಬೇಕಾಯಿತು. ವಿಜ್ಞಾನ ಒಂದು ಬೇಲಿಯ ಒಳಗೆ, ದನ ಇನ್ನೊಂದು ಬೇಲಿಯ ಒಳಗೆ. ನಡುವೆ ಓಡಾಡಬೇಕಾಗಿದ್ದ, ಎರಡನ್ನೂ ಬಲ್ಲ ಹಳ್ಳಿಯ ತರುಣ ಊರು ನಗರವಾದಾಗ ಬಾಡಿಗೆ ಮನೆಗಳ ಮಾಲಿಕನಾದ, ಇಲ್ಲವೆ ಅವುಗಳ ಕಾವಲುಗಾರನಾದ. ಬೆಂಗಳೂರಿನ ಸುತ್ತಲ ಹಳ್ಳಿಗಳು ಈಗ ಇದೇ ದಾರಿಯಲ್ಲಿವೆ.

ಹೊರನಾಡ ಕನ್ನಡಿಗರು ಇದಕ್ಕೆ ಏನು ಮಾಡಬಲ್ಲರು? ಬೆಂಗಳೂರಿಗೆ ಮನವಿ ಬರೆಯುವುದು ಸುಲಭ, ಬರೆಯೋಣ. ಅದಕ್ಕಿಂತ ಮುಖ್ಯವಾದ ಕೆಲಸವೊಂದು ನಮ್ಮ ಕೈಯಳತೆಯಲ್ಲಿಯೇ ಇದೆ. ಕರ್ನಾಲದಲ್ಲಿಯೂ ಪೂಸಾದಲ್ಲಿಯೂ ಓದುತ್ತಿರುವ ಕನ್ನಡದ ವಿದ್ಯಾರ್ಥಿಗಳು ನಮ್ಮ ಯುಗಾದಿಗೂ ರಾಜ್ಯೋತ್ಸವಕ್ಕೂ ಬರುತ್ತಾರೆ, ಊಟ ಮಾಡುತ್ತಾರೆ, ಚಪ್ಪಾಳೆ ತಟ್ಟಿ ಹಾಸ್ಟೆಲಿಗೆ ಮರಳುತ್ತಾರೆ. ಅವರು ಇಂಗ್ಲಿಷಿನಲ್ಲಿ ಬರೆಯುವ ಪ್ರಬಂಧ ಅವರ ತಂದೆತಾಯಿಗೆ ಓದಲು ಬಾರದು. ಹೊರನಾಡ ಸಂಘಗಳು ಇವರನ್ನು ಕೂರಿಸಿಕೊಂಡು, ಪ್ರೌಢಶಾಲೆಯ ಮಗು ಓದಬಹುದಾದ ಅರವತ್ತು ಪುಟದ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಸಬಹುದು: ಕರು ಹುಟ್ಟಿದ ದಿನದಿಂದ ಅದು ಹಸುವಾಗಿ ಈಯುವ ದಿನದವರೆಗೆ. ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇನ್ನೂ ಮನೆಯಿದೆ, ಬೀಗ ಹಾಕಿದ ಕೊಟ್ಟಿಗೆಯಿದೆ. ಊರಿನ ಗುಡಿಯ ಜೀರ್ಣೋದ್ಧಾರಕ್ಕೆ ನಾವು ಹಣ ಕಳುಹಿಸುತ್ತೇವೆ. ಅದೇ ಊರಿನ ಪ್ರೌಢಶಾಲೆಗೆ ಎರಡು ಕರು, ಒಂದು ತೂಕದ ಪಟ್ಟಿ, ಇಪ್ಪತ್ತು ನೋಟುಪುಸ್ತಕ ಕೊಡಿಸುವುದು ನಮ್ಮ ಶಕ್ತಿಗೆ ಮೀರಿದ್ದಲ್ಲ. ನಿವೃತ್ತರಾಗಿ ಊರಿಗೆ ಮರಳುವ ಪಶುವೈದ್ಯರು, ಬ್ಯಾಂಕ್ ಅಧಿಕಾರಿಗಳು, ಶಿಕ್ಷಕರು ನಮ್ಮ ನಡುವೆ ಇದ್ದಾರೆ. ತಿಂಗಳಿಗೆ ಒಂದು ಶನಿವಾರ ಆ ನೋಟುಪುಸ್ತಕಗಳನ್ನು ತಿದ್ದಲು ಅವರಿಗೆ ಬಿಡುವು ಸಿಕ್ಕೀತು.

ಸಂಘದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಕೈಪಿಡಿಯ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ಕೋರುತ್ತೇನೆ. ಬರೆಯಬಲ್ಲ ವಿದ್ಯಾರ್ಥಿಗಳು ಕರ್ನಾಲದಿಂದ ಬೆಳಗಿನ ರೈಲಿನಲ್ಲಿ ಬಂದು ಸಂಜೆಗೆ ಮರಳಬಹುದು. ಅವರಿಗೆ ಒಂದು ಕೋಣೆ, ಒಂದಷ್ಟು ಕಾಗದ, ಮಧ್ಯಾಹ್ನದ ಊಟ ಒದಗಿಸಿದರೆ ಕೆಲಸ ಆರಂಭವಾಗುತ್ತದೆ.